ಟರ್ಬೊ ಕಾರಿಗೆ ಫ್ರಂಟ್ ಮೌಂಟ್ ಇಂಟರ್‌ಕೂಲರ್: ಪದೇ ಪದೇ ಕೇಳುವ ಪ್ರಶ್ನೆಗಳು

ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು) ಮಾಡಿಸಿದ ಕೆಲವೇ ದಿನಕ್ಕೆ ಬರುವ ಪ್ರಶ್ನೆ ಒಂದೇ: ‘ಇಂಟರ್‌ಕೂಲರ್ ಯಾವುದು ಹಾಕಿಸಲಿ?’ ಅದಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಇವೆ, ಆಮೇಲೆ ಬರುವ ತಲೆನೋವುಗಳೂ ಇವೆ. ಎರಡನ್ನೂ ಇಲ್ಲಿ ಸೇರಿಸಿದ್ದೇನೆ. ಉದಾಹರಣೆ ಬೇಕಾದ ಕಡೆ ಹೆಚ್ಚಾಗಿ ಸ್ಕೋಡಾ ಆಕ್ಟೇವಿಯಾದ ಮೂರನೇ ತಲೆಮಾರನ್ನು ಹಿಡಿದಿದ್ದೇನೆ. 180 ಪಿಎಸ್‌ನ 1.8 ಟಿಎಸ್‌ಐ, 2017ರಲ್ಲಿ ಭಾರತಕ್ಕೆ ಬಂದ 230 ಪಿಎಸ್‌ನ ಆರ್‌ಎಸ್, ಎರಡಕ್ಕೂ ಈ ಮಾತು ಹೊಂದುತ್ತದೆ. ಬೇರೆ ಕಾರಿನವರಿಗೂ ಲೆಕ್ಕ ಅದೇ.

ಇಂಟರ್‌ಕೂಲರ್ ಮಾಡುವ ಕೆಲಸವಾದರೂ ಏನು?

ಟರ್ಬೊ ಗಾಳಿಯನ್ನು ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಎಂಜಿನ್‌ಗೆ ಹೋಗುವ ಮೊದಲು ಅದನ್ನು ತಣಿಸುವುದೇ ಇಂಟರ್‌ಕೂಲರ್‌ನ ಕೆಲಸ. ಹೊರಗೆ 30 ಡಿಗ್ರಿ ಇದ್ದು, ಟರ್ಬೊ ಒಂದು ಬಾರ್ ಬೂಸ್ಟ್ (ಹೊರಗಿನ ಗಾಳಿಯ ಒತ್ತಡದ ಮೇಲೆ ಸೇರುವ ಹೆಚ್ಚುವರಿ ಒತ್ತಡ) ಕೊಡುತ್ತಿದ್ದರೆ, ಅದರ ಬಾಯಿಂದ ಹೊರಬರುವ ಗಾಳಿ 120 ಡಿಗ್ರಿ ದಾಟಿರುತ್ತದೆ. ಇದು ಟರ್ಬೊ ಕಂಪ್ರೆಸರ್‌ನ ದಕ್ಷತೆ ಶೇ 70 ಅಂತ ಹಿಡಿದು ಹಾಕಿದ ಲೆಕ್ಕ. ಈ ಬಿಸಿ ಗಾಳಿ ಹಾಗೇ ಎಂಜಿನ್‌ಗೆ ಹೋದರೆ ಎರಡು ನಷ್ಟ. ಒಂದು, ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಹೆಚ್ಚುಕಡಿಮೆ ಪ್ರತಿ 3 ಡಿಗ್ರಿಗೆ ಶೇ 1ರಷ್ಟು ಗಾಳಿ ಕಮ್ಮಿಯಾಯಿತು ಅಂತ ಇಟ್ಟುಕೊಳ್ಳಿ. ಎರಡನೆಯದು ಪೆಟ್ರೋಲ್ ಎಂಜಿನ್‌ಗೆ ಇನ್ನೂ ಮುಖ್ಯ. ಗಾಳಿ ಬಿಸಿಯಾದಷ್ಟೂ ನಾಕಿಂಗ್, ಅಂದರೆ ಸಿಲಿಂಡರ್‌ನಲ್ಲಿ ಇಂಧನ ಹತೋಟಿ ತಪ್ಪಿ ತಾನಾಗಿಯೇ ಹೊತ್ತಿಕೊಳ್ಳುವುದು, ಹತ್ತಿರ ಬರುತ್ತದೆ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಅದನ್ನು ಕಂಡು ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿಯನ್ನು ತಡಮಾಡಿ ಹಾರಿಸುತ್ತದೆ, ಎಂಜಿನ್ ಉಳಿಯುತ್ತದೆ, ಪವರ್ ಹೋಗುತ್ತದೆ. ‘ಬೆಳಿಗ್ಗೆ ಆರು ಗಂಟೆಗೆ ಗಾಡಿ ಸಖತ್ ಎಳೆಯುತ್ತೆ, ಮಧ್ಯಾಹ್ನ ಸತ್ತೇ ಹೋಗುತ್ತೆ’ ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

ಬೆಂಗಳೂರಿನ ಹವೆ ತಂಪು ಅಲ್ವಾ? ಇಲ್ಲಿಗೂ ಬೇಕಾ?

ಹವೆ ತಂಪು ನಿಜ. ಆದರೆ ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಮಂಗಳೂರಿನಲ್ಲಿ ಗಾಳಿಯ ಒತ್ತಡ 1.01 ಬಾರ್ ಇದ್ದರೆ ಬೆಂಗಳೂರಿನಲ್ಲಿ 0.91ರ ಆಸುಪಾಸು. ಈಗಿನ ಇಸಿಯುಗಳು ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಇಷ್ಟೇ ಒತ್ತಡ ಇರಬೇಕು ಅಂತ ಗುರಿ ಇಟ್ಟುಕೊಂಡಿರುತ್ತವೆ. ಹೊರಗಿನ ಗಾಳಿಯ ಒತ್ತಡವೂ ಸೇರಿ ಗುರಿ 2 ಬಾರ್ ಅಂದುಕೊಳ್ಳಿ. ಅಲ್ಲಿಗೆ ಮುಟ್ಟಲು ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕು. ಬೆಂಗಳೂರಿನಲ್ಲಿ 2.2 ಪಟ್ಟು ಒತ್ತಬೇಕು. ಎರಡೂ ಕಡೆ 30 ಡಿಗ್ರಿಯೇ ಇದ್ದರೂ, ಟರ್ಬೊದಿಂದ ಹೊರಬರುವ ಗಾಳಿ ಬೆಂಗಳೂರಿನಲ್ಲಿ ಸುಮಾರು 15 ಡಿಗ್ರಿ ಜಾಸ್ತಿ ಬಿಸಿ. ಸಾಲದ್ದಕ್ಕೆ ಸಿಲ್ಕ್ ಬೋರ್ಡ್ ಸಿಗ್ನಲ್. ನಿಂತ ಕಾರಿನಲ್ಲಿ ಇಂಟರ್‌ಕೂಲರ್‌ಗೆ ಗಾಳಿಯೇ ಬರುವುದಿಲ್ಲ, ಸುತ್ತಲಿನ ಬಿಸಿಯನ್ನೆಲ್ಲ ಅದೇ ಹೀರಿಕೊಳ್ಳುತ್ತದೆ. ಇದನ್ನೇ ಹೀಟ್ ಸೋಕ್ ಅನ್ನುವುದು.

ಕಲಬುರಗಿ, ರಾಯಚೂರಿನ ಕಡೆಯವರ ಕಷ್ಟ ಬೇರೆ. ಅಲ್ಲಿ ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 42 ಡಿಗ್ರಿ. ಗಾಳಿಯಿಂದ ತಣಿಯುವ ಯಾವ ಇಂಟರ್‌ಕೂಲರ್ ಆದರೂ ಹೊರಗಿನ ಉಷ್ಣತೆಗಿಂತ ಕೆಳಗೆ ಇಳಿಸಲಾರದು.

ಫ್ರಂಟ್ ಮೌಂಟ್ ಅಂದರೆ ಎಲ್ಲಿ? ನನ್ನ ಕಾರಿನಲ್ಲಿ ಈಗ ಇರುವುದು ಎಲ್ಲಿ?

ಬಂಪರ್‌ನ ಹಿಂದೆ, ರೇಡಿಯೇಟರ್‌ಗಿಂತ ಮುಂದೆ, ನೇರ ಗಾಳಿ ಬಡಿಯುವ ಜಾಗದಲ್ಲಿ ಇದ್ದರೆ ಅದು ಫ್ರಂಟ್ ಮೌಂಟ್. ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್‌ಗೆ ಕಂಪನಿಯಿಂದಲೇ ಹಾಗೆ ಬರುತ್ತಿತ್ತು. ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐನಲ್ಲಿ ಎಂಜಿನ್‌ನ ತಲೆಯ ಮೇಲೆ. ಬಾನೆಟ್ ಮೇಲಿನ ಆ ದೊಡ್ಡ ಗೂಡು ಇರುವುದೇ ಅದಕ್ಕೆ ಗಾಳಿ ಕೊಡಲು. ಕೆಲವು ಕಾರುಗಳಲ್ಲಿ ಹೆಡ್‌ಲೈಟ್ ಕೆಳಗೆ, ಚಕ್ರದ ಮುಂದೆ ಒಂದು ಮೂಲೆಯಲ್ಲಿ ಇರುತ್ತದೆ.

ಆಕ್ಟೇವಿಯಾದ ಕಥೆ ಸ್ವಲ್ಪ ಬೇರೆ. ಬಂಪರ್ ಬಿಚ್ಚಿದರೆ ಎದುರಿಗೆ ಕಾಣುವುದು ಎಸಿ ಕಂಡೆನ್ಸರ್. ಅದರ ಹಿಂದೆ ಇಂಟರ್‌ಕೂಲರ್, ಅದರ ಹಿಂದೆ ರೇಡಿಯೇಟರ್. ಮೂರೂ ಒತ್ತಿಕೊಂಡು ನಿಂತಿರುತ್ತವೆ. ಇಂಟರ್‌ಕೂಲರ್‌ನ ಕೋರ್ (ಗಾಳಿ ಹಾಯುವ ಟ್ಯೂಬ್‌ಗಳೂ ಬಿಸಿ ಬಿಡುವ ತೆಳು ತಗಡಿನ ಫಿನ್‌ಗಳೂ ಇರುವ ನಡುಭಾಗ) ಅಲ್ಯೂಮಿನಿಯಂ, ಎರಡು ತುದಿಯ ಟ್ಯಾಂಕ್ ಪ್ಲಾಸ್ಟಿಕ್. ಎಸಿ ಹಾಕಿದಾಗ ಕಂಡೆನ್ಸರ್ ಬಿಡುವ ಬಿಸಿ ಗಾಳಿಯೇ ಇಂಟರ್‌ಕೂಲರ್‌ಗೆ ಸಿಗುವುದು. ಹಾಗಾಗಿ ಈ ಕಾರಿಗೆ ಎರಡು ದಾರಿ. ಅದೇ ಜಾಗದಲ್ಲಿ ಕೂರುವ, ಸ್ವಲ್ಪ ದಪ್ಪನೆಯ, ಟ್ಯಾಂಕ್ ಕೂಡ ಅಲ್ಯೂಮಿನಿಯಂನದೇ ಆದ ಬದಲಿ ಕೂಲರ್. ಇಲ್ಲವೇ ಕಂಡೆನ್ಸರ್‌ಗೂ ಮುಂದೆ, ಬಂಪರ್‌ನ ಕೆಳಗಿನ ಬಾಯಿಗೆ ಸರಿಯಾಗಿ ಕೂರುವ ನಿಜವಾದ ಫ್ರಂಟ್ ಮೌಂಟ್. ದಿನಾ ಆಫೀಸಿಗೆ ಓಡಿಸುವ, ರೀಮ್ಯಾಪ್ ಮಾತ್ರ ಆದ ಕಾರಿಗೆ ಮೊದಲನೆಯದೇ ನನ್ನ ಆಯ್ಕೆ. ಏನನ್ನೂ ಕತ್ತರಿಸಬೇಕಿಲ್ಲ, ಪೈಪ್ ಬದಲಿಸಬೇಕಿಲ್ಲ.

ವರ್ಟಸ್, ಸ್ಲಾವಿಯಾ, ಟೈಗುನ್, ಕುಶಾಕ್‌ಗೆ ಫ್ರಂಟ್ ಮೌಂಟ್ ಹಾಕಬಹುದಾ?

ಅವುಗಳ 1.0 ಮತ್ತು 1.5 ಟಿಎಸ್‌ಐ ಎಂಜಿನ್‌ಗಳಲ್ಲಿ ಇಂಟರ್‌ಕೂಲರ್ ನೀರಿನಿಂದ ತಣಿಯುವಂಥದ್ದು. ಗಾಳಿಯ ಬಿಸಿಯನ್ನು ಕೂಲಂಟ್ ತೆಗೆದುಕೊಳ್ಳುತ್ತದೆ, ಆ ಕೂಲಂಟ್ ಮುಂದಿರುವ ಚಿಕ್ಕ ರೇಡಿಯೇಟರ್‌ನಲ್ಲಿ ತಣಿಯುತ್ತದೆ. ಗಾಳಿ ಸಾಗುವ ದಾರಿ ತುಂಬಾ ಚಿಕ್ಕದು. ಅದನ್ನು ಕಿತ್ತು ಉದ್ದುದ್ದ ಪೈಪ್ ಎಳೆದು ಫ್ರಂಟ್ ಮೌಂಟ್ ಹಾಕುವುದು ಖರ್ಚಿಗೆ ತಕ್ಕ ಕೆಲಸವಲ್ಲ. ಅಲ್ಲಿ ನೋಡಬೇಕಾದದ್ದು ಕೂಲಂಟ್ ಮಟ್ಟ ಸರಿ ಇದೆಯಾ, ಸಿಸ್ಟಂನಲ್ಲಿ ಗಾಳಿ ಸೇರಿಕೊಂಡಿದೆಯಾ, ಪಂಪ್ ಓಡುತ್ತಿದೆಯಾ ಅನ್ನುವುದು.

ನನಗೆ ನಿಜವಾಗಲೂ ಬೇಕಾ ಅಂತ ಹೇಗೆ ತಿಳಿಯುವುದು?

ಅಳೆಯಿರಿ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ (ಎಂಜಿನ್‌ನ ಮಾಹಿತಿ ಓದುವ ಸಾಕೆಟ್) ಒಂದು ಬ್ಲೂಟೂತ್ ಡಾಂಗಲ್ ಚುಚ್ಚಿ, ಫೋನಿನಲ್ಲಿ ಲಾಗ್ ಮಾಡುವ ಆ್ಯಪ್ ಹಾಕಿ. ನೋಡಬೇಕಾದ ಸಂಖ್ಯೆಗಳು: ಒಳಹೋಗುವ ಗಾಳಿಯ ಉಷ್ಣತೆ, ಹೊರಗಿನ ಉಷ್ಣತೆ, ಬೂಸ್ಟ್, ಟೈಮಿಂಗ್. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರನೇ ಗೇರ್‌ನಲ್ಲಿ ಕೆಳಗಿನ ಆರ್‌ಪಿಎಂನಿಂದ ಮೇಲಿನವರೆಗೆ ಪೂರ್ತಿ ಥ್ರಾಟಲ್ ಕೊಟ್ಟು ಎಳೆಯಬೇಕು. ಸ್ವಲ್ಪ ಬಿಟ್ಟು ಮತ್ತೆ ಎಳೆಯಬೇಕು. ಫೋನ್ ಪಕ್ಕದ ಸೀಟಿನವರ ಕೈಯಲ್ಲಿರಲಿ. ಇದಕ್ಕೆ ಡೈನೊ (ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸಿ ಪವರ್ ಅಳೆಯುವ ಯಂತ್ರ) ಅಥವಾ ಟ್ರ್ಯಾಕ್ ಸರಿಯಾದ ಜಾಗ. ಬೆಂಗಳೂರಿನವರು ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೋ ಹೋಗುವಾಗ ಡಾಂಗಲ್ ಮರೆಯಬೇಡಿ.

ಒಳಗಾಳಿ ಹೊರಗಿನದಕ್ಕಿಂತ 15–20 ಡಿಗ್ರಿ ಜಾಸ್ತಿಯಾಗಿ ಅಲ್ಲೇ ನಿಂತು, ಥ್ರಾಟಲ್ ಬಿಟ್ಟ ಮೇಲೆ ಬೇಗ ಇಳಿದರೆ ನಿಮ್ಮ ಇಂಟರ್‌ಕೂಲರ್ ಚೆನ್ನಾಗಿದೆ, ದುಡ್ಡು ಟೈರ್‌ಗೆ ಇಟ್ಟುಕೊಳ್ಳಿ. ಒಂದೇ ಎಳೆತಕ್ಕೆ 35–40 ಡಿಗ್ರಿ ಏರಿ, ಎರಡನೇ ಎಳೆತ ಮೊದಲನೆಯದಕ್ಕಿಂತ ಹೆಚ್ಚಿನ ಉಷ್ಣತೆಯಿಂದ ಶುರುವಾಗಿ, ಜೊತೆಗೆ ಟೈಮಿಂಗ್ ಹಿಂದೆ ಸರಿಯುತ್ತಿದ್ದರೆ, ಆಗ ಇಂಟರ್‌ಕೂಲರ್ ಬಗ್ಗೆ ಮಾತಾಡೋಣ.

ಒಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿ ಗಾಳಿಯ ಉಷ್ಣತೆ ಅಂತ ತೋರಿಸುವುದು ಏರ್ ಫಿಲ್ಟರ್ ಪಕ್ಕದ ಸೆನ್ಸರ್‌ನ ಲೆಕ್ಕ. ಅದು ಟರ್ಬೊಗಿಂತ ಮುಂಚಿನದು, ಇಂಟರ್‌ಕೂಲರ್ ಬಗ್ಗೆ ಏನೂ ಹೇಳುವುದಿಲ್ಲ. ಬೂಸ್ಟ್ ಏರಿದರೂ ಆ ಸಂಖ್ಯೆ ಅಲುಗಾಡದಿದ್ದರೆ ನೀವು ತಪ್ಪು ಸೆನ್ಸರ್ ನೋಡುತ್ತಿದ್ದೀರಿ. ಮ್ಯಾನಿಫೋಲ್ಡ್ ಅಥವಾ ಥ್ರಾಟಲ್ ಹತ್ತಿರದ ಸೆನ್ಸರ್ ಹುಡುಕಿ.

ಡೈನೊ ಮೇಲೆ ಉಷ್ಣತೆ ಸಿಕ್ಕಾಪಟ್ಟೆ ಏರಿತು, ರಸ್ತೆಯಲ್ಲಿ ಅಷ್ಟಿಲ್ಲ. ಯಾಕೆ?

ಡೈನೊ ಮುಂದಿನ ಫ್ಯಾನ್ ಎಷ್ಟೇ ದೊಡ್ಡದಿದ್ದರೂ ಗಂಟೆಗೆ 100 ಕಿ.ಮೀ. ಓಡುವ ಕಾರಿಗೆ ಬಡಿಯುವ ಗಾಳಿಯಷ್ಟು ಕೊಡುವುದು ಕಷ್ಟ. ಡೈನೊದಲ್ಲಿ ಒಂದಕ್ಕೊಂದು ಹೋಲಿಸಿ ನೋಡಿ. ಅಲ್ಲಿನ ಸಂಖ್ಯೆಯನ್ನು ರಸ್ತೆಯ ಸತ್ಯ ಅಂದುಕೊಳ್ಳಬೇಡಿ.

ದೊಡ್ಡದು ಹಾಕಿದಷ್ಟೂ ಒಳ್ಳೆಯದು ಅಲ್ವಾ?

ಯಾವ ಕಡೆಗೆ ದೊಡ್ಡದು ಅನ್ನುವುದು ಪ್ರಶ್ನೆ. ಕೋರ್‌ಗೆ ಅಗಲ, ಎತ್ತರ, ದಪ್ಪ ಅಂತ ಮೂರು ಅಳತೆ. ಅಗಲ ಮತ್ತು ಎತ್ತರ ಸೇರಿ ಆಗುವ ಮುಖವೇ ಮುಖ್ಯ. ಹೊರಗಿನ ತಣ್ಣನೆ ಗಾಳಿ ಬಡಿಯುವುದು ಆ ಮುಖಕ್ಕೆ. ದಪ್ಪ ಹೆಚ್ಚಿಸಿದರೆ ಲಾಭ ಬೇಗ ಸೋರಿಹೋಗುತ್ತದೆ. ಮುಂದಿನ ಫಿನ್‌ಗಳನ್ನು ದಾಟುವಷ್ಟರಲ್ಲೇ ಗಾಳಿ ಬಿಸಿಯಾಗಿರುತ್ತದೆ, ಹಿಂದಿನ ಫಿನ್‌ಗಳದ್ದು ಮದುವೆ ಊಟದ ಕೊನೇ ಪಂಕ್ತಿಯವರ ಪಾಡು. 50 ಮಿ.ಮೀ. ದಪ್ಪದ ಕೋರ್ ಬದಲು 100 ಮಿ.ಮೀ. ಹಾಕಿದರೆ ತಂಪು ಎರಡು ಪಟ್ಟಾಗುವುದಿಲ್ಲ. ಬದಲಿಗೆ ಹೊರಗಾಳಿ ಒಳನುಗ್ಗಲು ಕಷ್ಟಪಡುತ್ತದೆ, ಹಿಂದಿರುವ ರೇಡಿಯೇಟರ್‌ಗೂ ಕಡಿಮೆ ಸಿಗುತ್ತದೆ.

ಇನ್ನೊಂದು ವಿಷಯ. ಬಂಪರ್‌ನ ಬಾಯಿ ಎಷ್ಟಿದೆಯೋ ಅಷ್ಟೇ ಮುಖ ಕೆಲಸಕ್ಕೆ ಬರುವುದು. ಬಾಯಿಯ ಅಳತೆ 550×200 ಮಿ.ಮೀ. ಇದ್ದಾಗ 700×300 ಕೋರ್ ಹಾಕಿದರೆ, ಬಂಪರ್ ಹಿಂದೆ ಅವಿತ ಭಾಗಕ್ಕೆ ಗಾಳಿ ಎಲ್ಲಿಂದ ಬರಬೇಕು? ಮೊದಲು ಟೇಪ್ ಹಿಡಿದು ಬಂಪರ್ ಅಳೆಯಿರಿ, ಆಮೇಲೆ ಕ್ಯಾಟಲಾಗ್ ತೆಗೆಯಿರಿ. ಅಂಗಡಿಯವರು ಇದನ್ನು ಉಲ್ಟಾ ಮಾಡಿಸುತ್ತಾರೆ.

ಹಾಗಂತ ತೂಕಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಭಾರದ ಅಲ್ಯೂಮಿನಿಯಂ ತುಸು ಹೊತ್ತು ಬಿಸಿಯನ್ನು ನುಂಗಿಕೊಳ್ಳುತ್ತದೆ. ಹತ್ತು ಸೆಕೆಂಡ್ ಓವರ್‌ಟೇಕ್‌ಗೆ, ಡ್ರ್ಯಾಗ್ ರೇಸ್‌ಗೆ ಅದು ಅನುಕೂಲ. ಶಿರಾಡಿ ಘಾಟಿಯನ್ನು ಜೋರಾಗಿ ಹತ್ತುವಾಗ ಆ ನುಂಗುವ ಶಕ್ತಿ ಬೇಗ ಮುಗಿಯುತ್ತದೆ. ಆಮೇಲೆ ಏನಿದ್ದರೂ ಮುಖಕ್ಕೆ ಬಡಿಯುವ ಗಾಳಿಯದ್ದೇ ಆಟ.

ಬಾರ್ ಅಂಡ್ ಪ್ಲೇಟ್ ಒಳ್ಳೆಯದಾ, ಟ್ಯೂಬ್ ಅಂಡ್ ಫಿನ್ ಒಳ್ಳೆಯದಾ?

ಬಾರ್ ಅಂಡ್ ಪ್ಲೇಟ್ ಅಂದರೆ ಚಪ್ಪಟೆ ತಗಡು, ಅಂಚಿಗೆ ಪಟ್ಟಿ, ನಡುವೆ ಫಿನ್, ಹೀಗೆ ಪದರ ಪದರವಾಗಿ ಜೋಡಿಸಿ ಕುಲುಮೆಯಲ್ಲಿ ಬೆಸೆದದ್ದು. ಗಟ್ಟಿ, ಭಾರ. ಕಲ್ಲು ಬಡಿದರೂ ಸುಲಭಕ್ಕೆ ತೂತಾಗುವುದಿಲ್ಲ. ಹೆಚ್ಚು ಬೂಸ್ಟ್ ತಡೆಯುತ್ತದೆ. ಟ್ಯೂಬ್ ಅಂಡ್ ಫಿನ್ ರೇಡಿಯೇಟರ್ ಥರದ್ದು. ಹಗುರ. ಟ್ಯೂಬ್‌ಗಳ ಮೂತಿ ದುಂಡಗಿರುವುದರಿಂದ ಹೊರಗಾಳಿ ಸಲೀಸಾಗಿ ಹಿಂದಕ್ಕೆ ದಾಟುತ್ತದೆ, ರೇಡಿಯೇಟರ್‌ಗೂ ಎಸಿಗೂ ಒಳ್ಳೆಯದು.

ನಮ್ಮ ರಸ್ತೆಗೆ, ಲಾರಿ ಹಿಂದೆ ಹೋಗುವಾಗ ಹಾರುವ ಜಲ್ಲಿಗೆ, ಬಂಪರ್ ಬಾಯಲ್ಲಿ ಬೆತ್ತಲೆ ಕೂರುವ ಕೂಲರ್ ಆದರೆ ಬಾರ್ ಅಂಡ್ ಪ್ಲೇಟ್ ಅನ್ನುತ್ತೇನೆ. ಕಂಡೆನ್ಸರ್ ಹಿಂದೆ ಅಡಗಿ ಕೂರುವುದಾದರೆ ಒಳ್ಳೆಯ ಟ್ಯೂಬ್ ಅಂಡ್ ಫಿನ್ ಸಾಕು. ಕೆಟ್ಟ ಬಾರ್ ಅಂಡ್ ಪ್ಲೇಟ್‌ಗಿಂತ ಚೆನ್ನಾಗಿ ಮಾಡಿದ ಟ್ಯೂಬ್ ಅಂಡ್ ಫಿನ್ ಎಷ್ಟೋ ಮೇಲು.

ಪ್ರೆಶರ್ ಡ್ರಾಪ್ ಅಂದರೇನು? ಎಷ್ಟಿರಬಹುದು?

ಕೂಲರ್ ಒಳಗೆ ಗಾಳಿ ತೂರಿಕೊಂಡು ಹೋಗುವಾಗ ಒತ್ತಡ ಸ್ವಲ್ಪ ಬಿದ್ದೇ ಬೀಳುತ್ತದೆ. ಪೂರ್ತಿ ಬೂಸ್ಟ್‌ನಲ್ಲಿ 1ರಿಂದ 2 ಪಿಎಸ್‌ಐ (ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ) ಬಿದ್ದರೆ ಪರವಾಗಿಲ್ಲ. 3–4 ಬಿದ್ದರೆ ಕೂಲರ್ ಎಂಜಿನ್‌ನ ಉಸಿರು ಕಟ್ಟುತ್ತಿದೆ ಅಂತ ಅರ್ಥ. ಇಸಿಯು ಸುಮ್ಮನೆ ಕೂರುವುದಿಲ್ಲ. ಕಳೆದುಹೋದ ಒತ್ತಡ ತುಂಬಲು ಟರ್ಬೊವನ್ನು ಇನ್ನೂ ಜೋರಾಗಿ ತಿರುಗಿಸುತ್ತದೆ, ಗಾಳಿ ಇನ್ನೂ ಬಿಸಿಯಾಗುತ್ತದೆ. ತಣಿಸಲು ಹಾಕಿಸಿದ ವಸ್ತುವೇ ಬಿಸಿಗೆ ಕಾರಣ ಆದಂತಾಯಿತು.

ಒಳಗೆ ಫಿನ್ ದಟ್ಟವಾಗಿದ್ದರೆ ತಂಪು ಜಾಸ್ತಿ, ಡ್ರಾಪ್ ಕೂಡ ಜಾಸ್ತಿ. ಟ್ಯೂಬ್ ಉದ್ದವಾಗಿ, ಸಂಖ್ಯೆ ಕಡಿಮೆಯಿದ್ದರೂ ಡ್ರಾಪ್ ಜಾಸ್ತಿ. ಗಾಳಿ ಮೇಲಿಂದ ಕೆಳಕ್ಕೆ ಹರಿಯುವ ಕೂಲರ್‌ಗಳಲ್ಲಿ ಟ್ಯೂಬ್ ಗಿಡ್ಡ, ಸಂಖ್ಯೆ ಜಾಸ್ತಿ, ಹಾಗಾಗಿ ಡ್ರಾಪ್ ಕಡಿಮೆ. ಆದರೆ ಟ್ಯಾಂಕ್‌ಗಳು ಮೇಲೆ ಕೆಳಗೆ ಜಾಗ ತಿನ್ನುವುದರಿಂದ ಚಿಕ್ಕ ಬಂಪರ್‌ನಲ್ಲಿ ಕೂರಿಸುವುದು ಕಷ್ಟ. ಮಾರುವವರ ಹತ್ತಿರ ಇಷ್ಟು ಗಾಳಿ ಹರಿವಿಗೆ ಇಷ್ಟು ಡ್ರಾಪ್ ಅನ್ನುವ ಅಂಕಿ ಇದ್ದರೆ ಅದು ಗಂಭೀರವಾಗಿ ತಯಾರಿಸಿದ ವಸ್ತು ಅನ್ನುವುದಕ್ಕೆ ಒಳ್ಳೆ ಗುರುತು. ಹಾಕಿಸಿದ ಮೇಲೆ ಖಾತ್ರಿ ಬೇಕಾದರೆ ಕೂಲರ್‌ನ ಒಳಬಾಯಿಗೊಂದು, ಹೊರಬಾಯಿಗೊಂದು ಗೇಜ್ ಜೋಡಿಸಿ ನೋಡಿ.

ಎಂಡ್ ಟ್ಯಾಂಕ್ ನೋಡಿ ಏನು ತಿಳಿಯುತ್ತದೆ?

ಬಹಳಷ್ಟು ತಿಳಿಯುತ್ತದೆ. ಪೈಪ್‌ನಿಂದ ಬಂದ ಗಾಳಿಯನ್ನು ಎಲ್ಲ ಟ್ಯೂಬ್‌ಗಳಿಗೂ ಸಮನಾಗಿ ಹಂಚುವುದು ಅದರ ಕೆಲಸ. ಅಗ್ಗದ ಕೂಲರ್‌ನಲ್ಲಿ ಟ್ಯಾಂಕ್ ಅಂದರೆ ಒಂದು ಚೌಕ ಡಬ್ಬಿ, ಅದಕ್ಕೆ ಅಂಟಿಸಿದ ಒಂದು ಪೈಪ್. ಗಾಳಿ ನೇರ ಸಿಕ್ಕ ಟ್ಯೂಬ್‌ಗಳಿಗೆ ನುಗ್ಗುತ್ತದೆ, ಮೂಲೆಯವು ಖಾಲಿ ಕೂರುತ್ತವೆ. ಒಳ್ಳೆಯ ಟ್ಯಾಂಕ್ ಪೈಪ್‌ನಿಂದ ಕೋರ್ ಕಡೆಗೆ ನಿಧಾನವಾಗಿ ಅಗಲವಾಗುತ್ತಾ ಹೋಗುತ್ತದೆ. ಅಂಗಡಿಯಲ್ಲಿ ಮೊಬೈಲ್ ಟಾರ್ಚ್ ಹಾಕಿ ಬಾಯಿಯೊಳಗೆ ಇಣುಕಿ. ವೆಲ್ಡಿಂಗ್ ಒಳಗಡೆಗೆ ಗಂಟು ಗಂಟಾಗಿ ಇಳಿದಿದೆಯಾ? ಲೋಹದ ಚೂರು ಉಳಿದಿದೆಯಾ? ಆ ಚೂರು ನಾಳೆ ನಿಮ್ಮ ಸಿಲಿಂಡರ್‌ಗೆ ಹೋಗುತ್ತದೆ. ಹೊಸದಾದರೂ ತೊಳೆದು, ಗಾಳಿ ಹೊಡೆದು, ಒಣಗಿಸಿಯೇ ಹಾಕಿ.

ಡಬ್ಬದ ಮೇಲೆ ‘600 ಎಚ್‌ಪಿ’ ಅಂತ ಬರೆದಿದೆ. ನಂಬಬಹುದಾ?

ಯಾವ ಡ್ರಾಪ್‌ನಲ್ಲಿ, ಯಾವ ಉಷ್ಣತೆಯಲ್ಲಿ ಅಂತ ಬರೆದಿಲ್ಲದಿದ್ದರೆ ಆ ಸಂಖ್ಯೆ ಬರೀ ಸ್ಟಿಕ್ಕರ್. ನಿಮ್ಮ ಲೆಕ್ಕ ನೀವೇ ಮಾಡಿ. ಪೆಟ್ರೋಲ್ ಎಂಜಿನ್‌ಗೆ ಪ್ರತಿ 100 ಎಚ್‌ಪಿಗೆ ನಿಮಿಷಕ್ಕೆ ಸುಮಾರು 4.5 ಕೆ.ಜಿ. ಗಾಳಿ ಬೇಕು. 250 ಎಚ್‌ಪಿ ಗುರಿಯಿದ್ದರೆ ಸುಮಾರು 11 ಕೆ.ಜಿ. ಅಷ್ಟು ಹರಿವಿಗೆ ಡ್ರಾಪ್ ಎಷ್ಟು ಅಂತ ಕೇಳಿ. ಮುಂದೆ ದೊಡ್ಡ ಟರ್ಬೊ ಹಾಕುವ ಆಸೆ ನಿಜವಾಗಿಯೂ ಇದ್ದರೆ ಒಂದು ಹೆಜ್ಜೆ ದೊಡ್ಡದು ತೆಗೆದುಕೊಳ್ಳಿ. ಬರೀ ಕನಸಾದರೆ ಬೇಡ.

ಪೈಪ್ ಎಷ್ಟು ಇಂಚಿನದು? ದೊಡ್ಡ ಕೂಲರ್ ಹಾಕಿದರೆ ಲ್ಯಾಗ್ (ಆಕ್ಸಿಲರೇಟರ್ ಒತ್ತಿದ ಮೇಲೆ ಬೂಸ್ಟ್ ಬರಲು ಆಗುವ ತಡ) ಜಾಸ್ತಿ ಆಗುತ್ತಾ?

250 ಎಚ್‌ಪಿವರೆಗೆ 2 ಇಂಚು, ಅಂದರೆ 51 ಮಿ.ಮೀ. ಧಾರಾಳ ಸಾಕು. ಅದಕ್ಕೂ ಮೇಲೆ ಹೋಗುವವರಿಗೆ 2.5 ಇಂಚು. 3 ಇಂಚಿನ ಪೈಪ್ ನೋಡಲು ಗತ್ತು, ಅಷ್ಟೇ. ಪೈಪ್‌ನ ಗಾತ್ರಕ್ಕಿಂತ ತಿರುವು ಎಷ್ಟಿವೆ ಅನ್ನುವುದು ಮುಖ್ಯ. ಒಂದು ತಿರುವು ಉಳಿಸಲು ಸಾಧ್ಯವಾದರೆ ಉಳಿಸಿ.

ಲ್ಯಾಗ್ ಬಗ್ಗೆ ಹೆದರಿಕೆ ಜಾಸ್ತಿ, ಲೆಕ್ಕ ಕಡಿಮೆ. 2 ಲೀಟರ್ ಎಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿ ನುಂಗುತ್ತದೆ. ಹೊಸ ಕೂಲರ್, ಪೈಪ್ ಸೇರಿ 5 ಲೀಟರ್ ಜಾಗ ಹೆಚ್ಚಾಯಿತು ಅನ್ನಿ. ಅದಕ್ಕೆ ಒಂದು ಬಾರ್ ಬೂಸ್ಟ್ ತುಂಬಲು ಇನ್ನೊಂದು 5 ಲೀಟರ್ ಗಾಳಿ ಬೇಕು. ಹತ್ತಿರ ಹತ್ತಿರ ಸೆಕೆಂಡಿನ ಹತ್ತನೇ ಒಂದು ಭಾಗ. ಹಾಕಿಸಿದ ಮೇಲೆ ಕಾರು ನಿಜವಾಗಿಯೂ ಮಂಕಾಗಿದ್ದರೆ, ಲ್ಯಾಗ್ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಎಲ್ಲೋ ಸೋರುತ್ತಿದೆ.

ಎಸಿ, ಎಂಜಿನ್ ಉಷ್ಣತೆಗೆ ತೊಂದರೆ ಆಗುತ್ತಾ?

ಆಗಬಹುದು. ಮುಂದೆ ಒಂದು ದಪ್ಪ ಕೂಲರ್ ನಿಲ್ಲಿಸಿದರೆ ಹಿಂದಿನ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಗಾಳಿ ಕಡಿಮೆ. ಟ್ರಾಫಿಕ್‌ನಲ್ಲಿ ಮೊದಲು ಗೊತ್ತಾಗುವುದು ಎಸಿಯಲ್ಲಿ. ತಂಪು ಕಡಿಮೆ, ರೇಡಿಯೇಟರ್ ಫ್ಯಾನ್ ಸದಾ ಜೋರು.

ಇದಕ್ಕೆ ಅಗ್ಗದ ಮದ್ದಿದೆ, ಯಾಕೋ ಯಾರೂ ಮಾಡಿಸುವುದಿಲ್ಲ. ಗಾಳಿಗೆ ಸುಲಭದ ದಾರಿ ಬೇಕು. ಕೋರ್‌ನ ಪಕ್ಕದಲ್ಲಿ ಎರಡು ಬೆರಳು ಸಂದು ಇದ್ದರೂ ಅದು ಕೋರ್ ಬಿಟ್ಟು ಅಲ್ಲೇ ನುಗ್ಗುತ್ತದೆ. ಬಂಪರ್ ಬಾಯಿಂದ ಕೋರ್‌ವರೆಗೆ, ಕೋರ್‌ನಿಂದ ರೇಡಿಯೇಟರ್‌ವರೆಗೆ ಸುತ್ತಲೂ ತೆಳು ಅಲ್ಯೂಮಿನಿಯಂ ತಗಡೋ ಗಟ್ಟಿ ಫೋಮ್ ಪಟ್ಟಿಯೋ ಹಾಕಿ ಸಂದು ಮುಚ್ಚಿಸಿ. ಕಂಪನಿಯವರು ಕೊಟ್ಟ ಕಪ್ಪು ಪ್ಲಾಸ್ಟಿಕ್ ಗಾಳಿಗೋಡೆಗಳನ್ನು ಫಿಟ್ಟಿಂಗ್ ಮಾಡುವವರು ‘ಅಡ್ಡ ಬರುತ್ತೆ ಸಾರ್’ ಅಂತ ಕಿತ್ತು ಮೂಲೆಗೆ ಹಾಕುತ್ತಾರೆ. ಬಿಡಬೇಡಿ, ಕತ್ತರಿಸಿಯಾದರೂ ವಾಪಸ್ ಹಾಕಿಸಿ. ಕೆಲಸ ಮುಗಿದ ಮೇಲೆ ಕತ್ತಲಲ್ಲಿ ಗ್ರಿಲ್ ಮುಂದಿನಿಂದ ಟಾರ್ಚ್ ಬಿಟ್ಟು, ಬಾನೆಟ್ ಎತ್ತಿ ಒಳಗಿಂದ ನೋಡಿ. ಬೆಳಕು ಪಕ್ಕದಿಂದ ನುಸುಳಿದರೆ ಗಾಳಿಯೂ ಅಲ್ಲಿಂದಲೇ ನುಸುಳುತ್ತದೆ.

ಕೂರುತ್ತಿಲ್ಲ, ಬಂಪರ್ ಒಳಗಿನ ಕಬ್ಬಿಣದ ಪಟ್ಟಿ ಕತ್ತರಿಸಬೇಕು ಅನ್ನುತ್ತಾರೆ. ಕತ್ತರಿಸಲಾ?

ಬೇಡ. ಅದು ಕ್ರ್ಯಾಶ್ ಬೀಮ್. ಡಿಕ್ಕಿಯಾದಾಗ ಪೆಟ್ಟನ್ನು ಮೊದಲು ತೆಗೆದುಕೊಂಡು ಎರಡು ಕಡೆಯ ಚಾಸಿಸ್‌ಗೆ ಹಂಚುವುದು ಅದೇ. ಏರ್‌ಬ್ಯಾಗ್ ಯಾವಾಗ ಬಿಚ್ಚಿಕೊಳ್ಳಬೇಕು ಅನ್ನುವ ಲೆಕ್ಕವೂ ಕಾರಿನ ಮುಂಭಾಗ ಹೇಗೆ ಕುಸಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಬಂಪರ್‌ನ ಒಳಗಿನ ಪ್ಲಾಸ್ಟಿಕ್ ಅಂಚು ಸ್ವಲ್ಪ ಕೆತ್ತುವುದು ಬೇರೆ, ಬೀಮ್ ಮುಟ್ಟುವುದು ಬೇರೆ. ಬೀಮ್ ಕತ್ತರಿಸಿದರೆ ಮಾತ್ರ ಕೂರುವ ಕೂಲರ್ ನಿಮ್ಮ ಕಾರಿನದಲ್ಲ.

ಕೂಲರ್ ಕಾಪಾಡಲು ಮುಂದೆ ಬುಲ್ ಬಾರ್ ಹಾಕಿಸುವ ಯೋಚನೆಯನ್ನೂ ಬಿಡಿ. 2017ರ ಕೊನೆಯಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅವುಗಳ ಮೇಲೆ ಕ್ರಮಕ್ಕೆ ರಾಜ್ಯಗಳಿಗೆ ಬರೆದಿತ್ತು. ದೊಡ್ಡ ಕಣ್ಣಿನ ಜಾಲರಿ ಸಾಕು. ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನದು ಹಾಕಿದರೆ ಗಾಳಿಯೇ ನಿಲ್ಲುತ್ತದೆ.

ಯೂನಿವರ್ಸಲ್ ಕಿಟ್ ಅಗ್ಗಕ್ಕೆ ಸಿಗುತ್ತದೆ. ಗುಜರಿಯಲ್ಲೂ ಸಿಗುತ್ತದೆ. ತಗೊಳ್ಳಲಾ?

ಯೂನಿವರ್ಸಲ್ ಅಂದರೆ ಯಾವ ಕಾರಿಗೂ ಸರಿಯಾಗಿ ಕೂರದ್ದು. ಕೂಲರ್‌ನಲ್ಲಿ ಉಳಿಸಿದ ದುಡ್ಡು ಬ್ರ್ಯಾಕೆಟ್, ಪೈಪ್ ಬಗ್ಗಿಸುವುದು, ವೆಲ್ಡಿಂಗ್ ಕೂಲಿಗೆ ಹೋಗುತ್ತದೆ. ಕೈಯಲ್ಲಿ ಕೆಲಸ ಗೊತ್ತಿರುವ ಫ್ಯಾಬ್ರಿಕೇಟರ್ ಸ್ನೇಹಿತ ಇದ್ದರೆ ಮಾತ್ರ ಲಾಭ. ಇಲ್ಲದಿದ್ದರೆ ನಿಮ್ಮ ಮಾಡೆಲ್‌ಗೇ ಮಾಡಿದ, ಬೋಲ್ಟ್ ಹಾಕಿದರೆ ಕೂರುವಂಥದ್ದನ್ನು ತೆಗೆದುಕೊಳ್ಳಿ.

ಗುಜರಿ ಅಂಗಡಿಯ ಹಳೆ ಕೂಲರ್ ಕೆಟ್ಟದ್ದೇನಲ್ಲ, ದೊಡ್ಡ ಡೀಸೆಲ್ ಗಾಡಿಗಳ ಒಳ್ಳೆ ಕೋರ್‌ಗಳು ಸಿಗುತ್ತವೆ. ಆದರೆ ಅದು ಯಾಕೆ ಗುಜರಿಗೆ ಬಂತು ಅಂತ ಯೋಚಿಸಿ. ಅಪಘಾತದ ಗಾಡಿಯದ್ದಾದರೆ ಕೋರ್ ಸೊಟ್ಟಗಿರಬಹುದು. ಟರ್ಬೊ ಒಡೆದ ಗಾಡಿಯದ್ದಾದರೆ ಒಳಗೆ ಲೋಹದ ಪುಡಿ, ಎಣ್ಣೆ ತುಂಬಿರುತ್ತದೆ. ಆ ಪುಡಿಯನ್ನು ಫಿನ್ ಸಂದಿನಿಂದ ಪೂರ್ತಿ ತೆಗೆಯುವುದು ಆಗದ ಮಾತು. ಬಾಯಿಗೆ ಬಟ್ಟೆ ಹಾಕಿ ಒರೆಸಿ ನೋಡಿ, ಬಟ್ಟೆಯಲ್ಲಿ ಏನಾದರೂ ಮಿಂಚಿದರೆ ಅಲ್ಲೇ ಬಿಟ್ಟು ಬನ್ನಿ. ಜೆ.ಸಿ. ರೋಡ್‌ನಲ್ಲಿ ಹೊಸದು ಕೊಳ್ಳುವಾಗಲೂ ಬ್ರ್ಯಾಂಡ್ ಹೆಸರು ನೋಡಿ ಮರುಳಾಗಬೇಡಿ. ಹೆಸರಿನ ಸ್ಟಿಕ್ಕರ್ ಅಂಟಿಸುವುದು ಸುಲಭ, ಟ್ಯಾಂಕ್ ಚೆನ್ನಾಗಿ ಎರಕ ಹೊಯ್ಯುವುದು ಕಷ್ಟ.

ಫಿಟ್ಟಿಂಗ್ ಆದ ಮೇಲೆ ಏನು ಪರೀಕ್ಷೆ ಮಾಡಿಸಬೇಕು?

ಸೋರಿಕೆ ಪರೀಕ್ಷೆ. ಟರ್ಬೊದ ಒಳಬಾಯಿಗೆ ಒಂದು ಬಿರಡೆ ಕೂರಿಸಿ, ಗ್ಯಾರೇಜಿನ ಏರ್ ಕಂಪ್ರೆಸರ್‌ನಿಂದ ನಿಮ್ಮ ಬೂಸ್ಟ್‌ನಷ್ಟೇ ಒತ್ತಡದ ಗಾಳಿ ನಿಧಾನವಾಗಿ ತುಂಬಿಸಿ, ಪ್ರತಿ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಬೇಕು. ಗುಳ್ಳೆ ಬಂದಲ್ಲಿ ಸೋರಿಕೆ. ಎಷ್ಟೋ ಗ್ಯಾರೇಜ್‌ನವರು ಇದನ್ನು ಮಾಡದೆ ‘ಟ್ರಯಲ್ ನೋಡಿ ಬನ್ನಿ’ ಅನ್ನುತ್ತಾರೆ. ಟ್ರಯಲ್‌ನಲ್ಲಿ ಚಿಕ್ಕ ಸೋರಿಕೆ ಗೊತ್ತಾಗುವುದಿಲ್ಲ.

ಪೈಪ್ ತುದಿಯಲ್ಲಿ ಸಣ್ಣ ಉಬ್ಬು ಇರಬೇಕು, ಇಲ್ಲದಿದ್ದರೆ ಬೂಸ್ಟ್ ಬಂದಾಗ ಸಿಲಿಕಾನ್ ಹೋಸ್ ಜಾರಿಕೊಂಡು ಕಳಚುತ್ತದೆ. ಒಂದು ಬಾರ್ ಆಚೆಗೆ ಹೋಗುವವರು ಮಾಮೂಲಿ ಹೋಸ್ ಕ್ಲಿಪ್ ಬದಲು ಟಿ-ಬೋಲ್ಟ್ ಕ್ಲಾಂಪ್ ಹಾಕಿಸಿ. ವಾರ ಓಡಿಸಿದ ಮೇಲೆ ಎಲ್ಲ ಕ್ಲಾಂಪ್ ಒಮ್ಮೆ ಬಿಗಿ ಮಾಡಿಸಿ. ಥ್ರಾಟಲ್ ಒತ್ತಿದಾಗ ಸುಯ್ ಅನ್ನುವ ಸದ್ದು, ಪವರ್ ಇಲ್ಲದಿರುವುದು, ಡೀಸೆಲ್ ಆದರೆ ಕಪ್ಪು ಹೊಗೆ, ಇವೆಲ್ಲ ಸೋರಿಕೆಯ ಲಕ್ಷಣ.

ಕಪ್ಪು ಬಣ್ಣ ಹೊಡೆಸಬಹುದಾ?

ತೆಳುವಾಗಿ ಹೊಡೆಸಿ, ತೊಂದರೆ ಇಲ್ಲ. ದಪ್ಪ ಪೌಡರ್ ಕೋಟಿಂಗ್ ಬೇಡ, ಫಿನ್ ಸಂದು ಮುಚ್ಚುತ್ತದೆ. ಪೊಲೀಸರ ಕಣ್ಣಿಗೆ ಬೀಳಬಾರದು ಅಂತ ಕಪ್ಪು ಮಾಡಿಸುವವರೇ ಜಾಸ್ತಿ!

ಮಳೆ, ಕೆಸರು, ಧೂಳಿಗೆ ಏನು ಮಾಡಬೇಕು?

ಮಳೆ ನೀರು ಹೊರಗಿನಿಂದ ಬಿದ್ದರೆ ಒಳ್ಳೆಯದೇ, ಇನ್ನಷ್ಟು ತಣಿಯುತ್ತದೆ. ಅಪಾಯ ಇರುವುದು ಜೊತೆಗೆ ಏರ್ ಫಿಲ್ಟರನ್ನೂ ಬಂಪರ್ ಕೆಳಕ್ಕೆ ಇಳಿಸಿದವರಿಗೆ. ನೀರು ನಿಂತ ಅಂಡರ್‌ಪಾಸ್‌ನಲ್ಲಿ ಅದು ನೀರು ಕುಡಿದರೆ ಎಂಜಿನ್ ಕಥೆ ಮುಗಿಯಿತು.

ಧೂಳಿಗಿಂತ ಕಾಟ ಕೊಡುವುದು ಒಕ್ಕಣೆ ಕಾಲ. ಡಿಸೆಂಬರ್, ಜನವರಿಯಲ್ಲಿ ಮಂಡ್ಯ, ತುಮಕೂರು, ಹಾಸನದ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿರುತ್ತಾರೆ. ಅದರ ಮೇಲೆ ಹಾದು ಬಂದ ಕಾರಿನ ಗ್ರಿಲ್ ಒಳಗೆ ನೋಡಿ. ಕೆಳಗಿನ ಮೂರು ನಾಲ್ಕು ಸಾಲು ಫಿನ್‌ಗಳ ಸಂದಿನಲ್ಲಿ ಹೊಟ್ಟು ಕಂಬಳಿಯಂತೆ ಅಂಟಿರುತ್ತದೆ, ಅದರ ಮೇಲೆ ಸತ್ತ ಹುಳ. ಅಷ್ಟು ಜಾಗ ಕೆಲಸಕ್ಕಿಲ್ಲ ಅಂತಲೇ ಲೆಕ್ಕ. ಹುರುಳಿ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು ಎಕ್ಸಾಸ್ಟ್ ಬಿಸಿಗೆ ಬೆಂಕಿ ಹತ್ತುವುದೂ ಉಂಟು, ಆದಷ್ಟು ಅದರ ಮೇಲೆ ಹೋಗಲೇಬೇಡಿ. ತೊಳೆಯುವಾಗ ಸರ್ವಿಸ್ ಸ್ಟೇಷನ್‌ನ ಜೋರು ಪೈಪ್ ಹತ್ತಿರ ಹಿಡಿದರೆ ಫಿನ್ ಮಡಚಿಕೊಳ್ಳುತ್ತದೆ. ದೂರದಿಂದ, ಸಾಧ್ಯವಾದರೆ ಹಿಂದಿನಿಂದ ಮುಂದಕ್ಕೆ ನೀರು ಬಿಡಿಸಿ.

ಡೀಸೆಲ್ ಕಾರಿಗೂ ಉಪಯೋಗ ಇದೆಯಾ?

ಇದೆ. ನಮ್ಮಲ್ಲಿ ಇಂಟರ್‌ಕೂಲರ್ ಜನರಿಗೆ ಪರಿಚಯ ಆಗಿದ್ದೇ ಡೀಸೆಲ್‌ನಿಂದ. ಟಾಟಾದ 497 ಟಿಸಿಐಸಿ ಎಂಜಿನ್‌ನ ಹೆಸರಿನ ಕೊನೆಯ ‘ಐಸಿ’ ಇಂಟರ್‌ಕೂಲರ್‌ನದ್ದೇ. ಡೀಸೆಲ್‌ನಲ್ಲಿ ಪೆಟ್ರೋಲ್‌ನಂಥ ನಾಕಿಂಗ್ ಭಯವಿಲ್ಲ. ಆದರೆ ತಂಪು ಗಾಳಿ ಸಿಕ್ಕರೆ ಹೊಗೆ ಕಡಿಮೆ, ಎಕ್ಸಾಸ್ಟ್ ಬಿಸಿ ಕಡಿಮೆ. ಹೊಸದಕ್ಕೆ ಕೈ ಹಾಕುವ ಮೊದಲು ಹಳೆಯದರ ಒಳಗೆ ಎಷ್ಟು ಎಣ್ಣೆ, ಮಸಿ ಕೂತಿದೆ ನೋಡಿ. ಲಕ್ಷ ಕಿ.ಮೀ. ಓಡಿದ ಗಾಡಿಯಲ್ಲಿ ಬರೀ ತೊಳೆಸಿದರೇ ಎಷ್ಟೋ ಸುಧಾರಿಸುತ್ತದೆ.

ಹಾಕಿಸಿದರೆ ಎಷ್ಟು ಎಚ್‌ಪಿ ಸಿಗುತ್ತದೆ? ಮತ್ತೆ ರೀಮ್ಯಾಪ್ ಬೇಕಾ?

ಕಂಪನಿ ಟ್ಯೂನ್‌ನಲ್ಲಿರುವ ಕಾರಿಗೆ ಹೇಳಿಕೊಳ್ಳುವಂಥದ್ದೇನೂ ಸಿಗುವುದಿಲ್ಲ. ಇಸಿಯು ತನ್ನ ಗುರಿಗಿಂತ ಹೆಚ್ಚು ಕೊಡುವುದಿಲ್ಲ. ಸಿಗುವುದು ಏನೆಂದರೆ, ಬಿಸಿಲಲ್ಲೂ ಐದನೇ ಎಳೆತದಲ್ಲೂ ಮೊದಲ ಎಳೆತದ ಪವರ್. ರೀಮ್ಯಾಪ್ ಆದ ಕಾರಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಮತ್ತೆ ಟ್ಯೂನ್ ಮಾಡಿಸಲೇಬೇಕು ಅಂತಿಲ್ಲ, ಆದರೆ ಲಾಗ್ ತೆಗೆದು ಟ್ಯೂನರ್‌ಗೆ ತೋರಿಸಿ. ತಂಪು ಗಾಳಿ ಸಿಕ್ಕಿತು ಅಂತ ಅವರು ಟೈಮಿಂಗ್ ಒಂದಿಷ್ಟು ಮುಂದೆ ತರಬಹುದು.

ನೀರಿನ ಸ್ಪ್ರೇ, ಮೆಥನಾಲ್ ಇಂಜೆಕ್ಷನ್ ಹಾಕಿದರೆ ಸಾಲದಾ?

ಕೂಲರ್ ಮುಖಕ್ಕೆ ನೀರು ಚಿಮುಕಿಸುವ ಸ್ಪ್ರೇ ಎವಲ್ಯೂಷನ್‌ಗೂ ಎಸ್‌ಟಿಐಗೂ ಕಂಪನಿಯಿಂದಲೇ ಬಂದಿತ್ತು. ಟ್ರ್ಯಾಕ್‌ಗೆ ಸರಿ. ಮೆಥನಾಲ್ ಇಂಜೆಕ್ಷನ್ ಅಂದರೆ ಒಳಹೋಗುವ ಗಾಳಿಗೇ ಮೆಥನಾಲ್ ಚಿಮುಕಿಸಿ ತಣಿಸುವುದು. ಮೆಥನಾಲ್ ವಿಷ, ಸುಲಭಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ. ದಿನನಿತ್ಯದ ಕಾರಿಗೆ ಬೇಡ.

ಕಾನೂನು, ವಾರಂಟಿ, ವಿಮೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಇಂಟರ್‌ಕೂಲರ್ ಅನ್ನುವ ಕಾಲಂ ಇಲ್ಲ. ಆದರೆ ಇಂಟರ್‌ಕೂಲರ್ ಜೊತೆ ನೀವು ಮಾಡಿಸುವ ಉಳಿದ ಕೆಲಸಗಳಿಗೆ ಆ ಸಮಾಧಾನ ಸಾಲದು. ವಾರಂಟಿ ಇರುವ ಕಾರಾದರೆ ಎಂಜಿನ್ ಅಥವಾ ಟರ್ಬೊ ಕೆಟ್ಟಾಗ ಕಂಪನಿಯವರು ಮೊದಲು ಬೆರಳು ತೋರಿಸುವುದು ಇದಕ್ಕೇ. ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಿ. ಮುಚ್ಚಿಟ್ಟರೆ ಕ್ಲೇಮ್ ಸಮಯದಲ್ಲಿ ಸರ್ವೇಯರ್ ಬಂಪರ್ ಬಿಚ್ಚಿಸಿಯೇ ಬಿಚ್ಚಿಸುತ್ತಾರೆ.

ಬಿಚ್ಚಿದ ಹಳೆ ಇಂಟರ್‌ಕೂಲರ್ ಮಾರಿಬಿಡಲಾ?

ಇಟ್ಟುಕೊಳ್ಳಿ. ಒಳಗಿನ ಎಣ್ಣೆ ಬಸಿದು, ಎರಡೂ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಇಲಿ ಗೂಡು ಮಾಡದ ಕಡೆ ಇಡಿ. ಬ್ರ್ಯಾಕೆಟ್, ರಬ್ಬರ್ ಬುಷ್, ಕ್ಲಿಪ್, ಸ್ಕ್ರೂಗಳನ್ನೂ ಒಂದು ಕವರ್‌ಗೆ ಹಾಕಿ ಅದಕ್ಕೇ ಕಟ್ಟಿಡಿ. ಕಾರು ಮಾರುವಾಗ ಕಂಪನಿಯ ಸ್ಥಿತಿಗೆ ತಂದು ಕೊಟ್ಟರೆ ಕೊಳ್ಳುವವರು ಕಡಿಮೆ ಪ್ರಶ್ನೆ ಕೇಳುತ್ತಾರೆ, ಹೊಸ ಕೂಲರನ್ನು ಬೇರೆಯಾಗಿ ಮಾರಬಹುದು.